ಕರೆಂಟ್ ಹೋದಾಗ ಗೊತ್ತಾಗುತ್ತೆ ಗೇಮಿಂಗ್ ಲ್ಯಾಪ್‌ಟಾಪಿನ ಬೆಲೆ

ಕಾಲೇಜು ಶುರುವಾಗುವ ತಿಂಗಳಲ್ಲಿ ನಮ್ಮ ಕನ್ನಡ ಸಂಘದ ಗುಂಪಿಗೆ ಕಥೆ ಕವನಗಳಿಗಿಂತ ಜಾಸ್ತಿ ಬರೋದು ಒಂದೇ ಪ್ರಶ್ನೆ: "ಅಣ್ಣಾ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಈ ಸಲ ಅದು ಕೊಡಗಿನ ಹುದಿಕೇರಿ ಕಡೆಯ ಜೂನಿಯರ್ ಒಬ್ಬನಿಂದ ಬಂತು, ಸ್ವಲ್ಪ ವಿವರವಾಗಿಯೇ ಬಂತು. ಅವನಿಗೆ ಏಸಸ್ ಕಂಪನಿಯ ಆರ್‌ಒಜಿ ಝೆಫೈರಸ್ ಜಿ14 ಮೇಲೆ ಮನಸ್ಸಾಗಿದೆ. ನೋಡೋಕೆ ಚಂದ, ತೂಕ ಕಡಿಮೆ, ಗೇಮೂ ಆಡಬಹುದು. ಆದರೆ ಈ ವರ್ಷದ ಕಾಫಿ ದುಡ್ಡಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ನಾಲ್ಕು ವರ್ಷ ಇನ್ನೊಂದು ಕೇಳುವ ಹಾಗಿಲ್ಲ. "ಗೇಮಿಗೆ ಹೇಗಿದೆ ಅಂತ ಎಲ್ರೂ ಹೇಳ್ತಾರೆ, ದಿನಾ ಬಳಸೋಕೆ ಹೇಗೆ ಅಂತ ನೀವು ಹೇಳಿ" ಅಂದ.

ಪ್ರಶ್ನೆ ಸರಿಯಾಗಿದೆ. ಅದಕ್ಕೆ ಗುಂಪಿನಲ್ಲಿ ಎರಡು ಸಾಲಿನ ಉತ್ತರ ಸಾಲದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಇದು ಅವನೊಬ್ಬನಿಗಲ್ಲ, ಮಳೆ ಜಾಸ್ತಿ, ಕರೆಂಟು ಕಡಿಮೆ ಇರುವ ಊರಿನಿಂದ ಬರುವ ಎಲ್ಲರಿಗೂ.

ಮೊದಲು ಇದು ಎಂಥ ಯಂತ್ರ ಅಂತ

ಮುಂಚೆ ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಎರಡೂವರೆ ಕೆಜಿಯ ದಪ್ಪ ಇಟ್ಟಿಗೆ, ಜೊತೆಗೆ ಅದರ ಮರಿಯಂಥ ಚಾರ್ಜರ್. 2020ರ ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಪ್ರದರ್ಶನದಲ್ಲಿ ಮೊದಲ ಜಿ14 ಬಂದಾಗ ಜನ ತಿರುಗಿ ನೋಡಿದ್ದು ಇದಕ್ಕೇ: 14 ಇಂಚಿನ ಸಣ್ಣ ದೇಹದಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ್ದರು. ಒಂದು ತಮಾಷೆ ಅಂದರೆ ಆ ಮಾಡೆಲ್‌ಗೆ ವೆಬ್‌ಕ್ಯಾಮೇ ಇರಲಿಲ್ಲ. ಕೆಲವೇ ತಿಂಗಳಲ್ಲಿ ಇಡೀ ಲೋಕ ಆನ್‌ಲೈನ್ ಕ್ಲಾಸಿಗೆ ಕೂತಿತು! 2022ರ ಮಾಡೆಲ್‌ನಲ್ಲಿ ಕ್ಯಾಮೆರಾ ಬಂತು. ಹಳೇ ಜಿ14 ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದನ್ನು ನೆನಪಿಡಿ.

ನಮ್ಮ ಜೂನಿಯರ್ ಕೇಳಿದ್ದು 2024ರ ಮಾಡೆಲ್. ಅಲ್ಯೂಮಿನಿಯಂ ಮೈ, 1.5 ಕೆಜಿ ತೂಕ, 2880x1800 ಪಿಕ್ಸೆಲ್‌ನ 120 ಹರ್ಟ್ಸ್ ಒಎಲ್ಇಡಿ ಪರದೆ, ರೈಜೆನ್ 9 ಪ್ರೊಸೆಸರ್, ಆರ್‌ಟಿಎಕ್ಸ್ 4060 ಅಥವಾ 4070 ಗ್ರಾಫಿಕ್ಸ್, 73 ವ್ಯಾಟ್-ಅವರ್ ಬ್ಯಾಟರಿ, 180 ವ್ಯಾಟಿನ ಚಾರ್ಜರ್. ಬೆಲೆ ಬಿಡುಗಡೆಯಾದಾಗಲೇ ಒಂದೂವರೆ ಲಕ್ಷ ದಾಟಿತ್ತು.

ಯೂಟ್ಯೂಬಿನಲ್ಲಿ ಇದನ್ನು ಅಳೆಯುವುದು ಎಷ್ಟು ಎಫ್‌ಪಿಎಸ್ ಬರುತ್ತೆ ಅನ್ನುವುದರಿಂದ. ನಾವು ಬೇರೆ ಕಡೆಯಿಂದ ಅಳೆಯೋಣ: ಪ್ಲಗ್ ಕಿತ್ತಾಗ ಇದು ಏನಾಗುತ್ತೆ?

73ನ್ನು ಭಾಗಿಸಿ ನೋಡಿ

ಬ್ಯಾಟರಿ ಲೆಕ್ಕ ಬಹಳ ಸುಲಭ. ವ್ಯಾಟ್-ಅವರ್ ಅಂದರೆ ಡಬ್ಬದಲ್ಲಿರುವ ಅಕ್ಕಿ. ವ್ಯಾಟ್ ಅಂದರೆ ಗಂಟೆಗೆ ಎಷ್ಟು ಖರ್ಚು ಅನ್ನೋದು. ನೋಟ್ಸ್ ಟೈಪ್ ಮಾಡೋದು, ಪಿಡಿಎಫ್ ಓದೋದು, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್, ಇಷ್ಟಕ್ಕೆ ಇಂಥ ಯಂತ್ರ ಸುಮಾರು 10ರಿಂದ 12 ವ್ಯಾಟ್ ತಿಂದರೆ, 73ನ್ನು ಭಾಗಿಸಿ, ಆರರಿಂದ ಏಳು ಗಂಟೆ. ವಿಡಿಯೋ ಕಾಲ್‌ಗೆ 18 ವ್ಯಾಟ್ ಹಿಡಿದರೆ ನಾಲ್ಕು ಗಂಟೆ. ಗೇಮ್ ಶುರು ಮಾಡಿ 70 ವ್ಯಾಟ್ ಎಳೆದರೆ ಒಂದು ಗಂಟೆ, ಅಷ್ಟೇ. ಅದೂ ಪೂರ್ತಿ ವೇಗದಲ್ಲಿ ಅಲ್ಲ. ಗೋಡೆಯ ಪ್ಲಗ್ ಕೊಡುವಷ್ಟು ಶಕ್ತಿ ಬ್ಯಾಟರಿ ಕೊಡಲಾರದು, ಹಾಗಾಗಿ ಯಂತ್ರವೇ ಗ್ರಾಫಿಕ್ಸ್ ಕಾರ್ಡಿನ ವೇಗ ಇಳಿಸುತ್ತೆ. ಇದು ಜಿ14ರ ದೋಷವಲ್ಲ, ಎಲ್ಲ ಗೇಮಿಂಗ್ ಲ್ಯಾಪ್‌ಟಾಪಿನ ಸ್ವಭಾವ.

ಅಂದರೆ ಕರೆಂಟು ಹೋದ ಮೇಲೆ ನೀವು ದುಡ್ಡು ಕೊಟ್ಟ ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಡಿಮೆ ನಿದ್ದೆಗೆ ಹೋಗುತ್ತೆ. ಹೋಗಲೂಬೇಕು! ಈ ಯಂತ್ರದಲ್ಲಿ ಎರಡು ಗ್ರಾಫಿಕ್ಸ್ ಇದೆ: ಪ್ರೊಸೆಸರ್ ಒಳಗೇ ಇರುವ ಸಣ್ಣದು, ಪಕ್ಕದಲ್ಲಿರುವ ದೊಡ್ಡದು. ಆರ್ಮರಿ ಕ್ರೇಟ್ ಅನ್ನೋ ಸಾಫ್ಟ್‌ವೇರಿನಲ್ಲಿ ಇಕೋ ಮೋಡ್ ಹಾಕಿದರೆ ದೊಡ್ಡದು ಪೂರ್ತಿ ಆಫ್. ಪರದೆಯನ್ನು 120ರಿಂದ 60 ಹರ್ಟ್ಸ್‌ಗೆ ಇಳಿಸಿ, ಕಪ್ಪು ಥೀಮ್ ಹಾಕಿ. ಒಎಲ್ಇಡಿಯಲ್ಲಿ ಕಪ್ಪು ಅಂದರೆ ಆ ಪಿಕ್ಸೆಲ್ ಆರಿದೆ ಅಂತಲೇ ಅರ್ಥ, ಹಾಗಾಗಿ ಉಳಿತಾಯ ನಿಜವಾದದ್ದು. ಇಷ್ಟು ಮಾಡದಿದ್ದರೆ ಹಿನ್ನೆಲೆಯಲ್ಲಿ ಯಾವುದೋ ಒಂದು ಆ್ಯಪ್ ದೊಡ್ಡ ಕಾರ್ಡನ್ನು ಎಬ್ಬಿಸಿ ಕೂರಿಸುತ್ತೆ, ಆರು ಗಂಟೆ ಮೂರಾಗುತ್ತೆ.

ಇನ್ನೊಂದು ಮಾತು. ಬ್ಯಾಟರಿ ಹೊಸದಿದ್ದ ಹಾಗೇ ಇರಲ್ಲ. ಎರಡು ಮೂರು ವರ್ಷದಲ್ಲಿ ಐದನೇ ಒಂದು ಭಾಗ ಕಡಿಮೆಯಾಯಿತು ಅಂದುಕೊಳ್ಳಿ, 73 ಹೋಗಿ 58 ಆಗುತ್ತೆ, ಏಳು ಗಂಟೆ ಐದೂವರೆ ಆಗುತ್ತೆ. ಹಾಸ್ಟೆಲಿನಲ್ಲಿ ಇಡೀ ದಿನ ಪ್ಲಗ್‌ನಲ್ಲೇ ಇಡುವವರು ಚಾರ್ಜ್ ಮಿತಿಯನ್ನು 80 ಶೇಕಡಾಕ್ಕೆ ಕಟ್ಟಿ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ 100 ಮಾಡಿ.

ಇನ್ವರ್ಟರ್ ಮನೆಯವರದ್ದು, ನಿಮ್ಮೊಬ್ಬರದ್ದಲ್ಲ

ಪೊನ್ನಂಪೇಟೆ ತಾಲ್ಲೂಕಿನ ಆ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಗಾಳಿಗೆ ಮರ ಬಿತ್ತು, ಲೈನ್ ಹೋಯಿತು. ತೋಟದ ನಡುವಿನ ಮನೆಗೆ ಅದು ಯಾವಾಗ ವಾಪಸ್ ಬರುತ್ತೆ ಅನ್ನೋದು ಮಳೆಗೆ ಬಿಟ್ಟದ್ದು. ಆಗ ಉಳಿಯೋದು ಇನ್ವರ್ಟರ್.

ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆ್ಯಂಪ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್. ನಷ್ಟ, ಬ್ಯಾಟರಿಯ ವಯಸ್ಸು ಎಲ್ಲ ಕಳೆದರೆ ಸಾವಿರ ಸಿಕ್ಕಿದರೆ ಪುಣ್ಯ. ಜಿ14ನ್ನು ಒಂದು ಸಲ ಪೂರ್ತಿ ಚಾರ್ಜ್ ಮಾಡೋಕೆ ಸುಮಾರು 90 ಸಾಕು. ಮನೆಯ ದೀಪಗಳಿಗೆ ಅದು ಗೊತ್ತೂ ಆಗಲ್ಲ. ಅದೇ ಇನ್ವರ್ಟರ್ ಮೇಲೆ 150 ವ್ಯಾಟ್ ಎಳೆಯುತ್ತಾ ಗೇಮ್ ಆಡಿದರೆ ಆರೇಳು ಗಂಟೆಗೆ ಇಡೀ ಮನೆಯ ಬ್ಯಾಟರಿ ಖಾಲಿ, ಅಡುಗೆಮನೆಯಲ್ಲಿ ಅವ್ವನಿಗೆ ಮೇಣದಬತ್ತಿ. ಹಾಗಾಗಿ ಹುದಿಕೇರಿಯ ಮಳೆಗಾಲಕ್ಕೆ ನಿಯಮ ಒಂದೇ: ಇನ್ವರ್ಟರಿನಲ್ಲಿ ಓದು, ಮೇನ್ ಲೈನ್ ಇದ್ದಾಗ ಆಟ.

ಇಲ್ಲಿ ಜಿ14ರ ಒಂದು ಗುಣ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಟೈಪ್-ಸಿ ಕಿಂಡಿಯಿಂದ 100 ವ್ಯಾಟಿನವರೆಗೆ ಚಾರ್ಜ್ ತಗೊಳ್ಳುತ್ತೆ. 65 ವ್ಯಾಟಿನ ಸಣ್ಣ ಚಾರ್ಜರ್ ಒಂದಿದ್ದರೆ ಕ್ಲಾಸಿಗೆ, ಬಸ್ಸಿಗೆ, ಇನ್ವರ್ಟರಿಗೆ ಅದೇ ಸಾಕು. 180 ವ್ಯಾಟಿನದ್ದು ಹಾಸ್ಟೆಲ್ ರೂಮಿನಲ್ಲೇ ಇರಲಿ.

ಮೈ ಜುಮ್ ಅಂದರೆ

ಅಲ್ಯೂಮಿನಿಯಂ ಮೈ ಚಂದ. ಆದರೆ ಹಳೇ ಮನೆಯಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಟೂ ಪಿನ್ ಕನ್ವರ್ಟರಿಗೆ ಸಿಕ್ಕಿಸಿದರೆ, ಕೈ ಇಟ್ಟಾಗ ಸಣ್ಣಗೆ ಜುಮ್ ಅನ್ನಬಹುದು. ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಅತಿ ಸಣ್ಣ ಕರೆಂಟು ಸೋರುತ್ತೆ. ಅರ್ಥ್ ತಂತಿ ಇದ್ದರೆ ಅದು ನೆಲಕ್ಕೆ ಹೋಗುತ್ತೆ, ಇಲ್ಲದಿದ್ದರೆ ನಿಮ್ಮ ಬೆರಳಿನ ದಾರಿ ಹಿಡಿಯುತ್ತೆ. ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪಿನಲ್ಲಿ ಇದು ಗೊತ್ತಾಗಲ್ಲ. ಸಾಮಾನ್ಯವಾಗಿ ಇದರಿಂದ ಅಪಾಯ ಇಲ್ಲ, ಆದರೆ ಮನೆಯ ಅರ್ಥಿಂಗ್ ಸತ್ತಿದೆ ಅನ್ನೋದರ ಸೂಚನೆ ಅದು. ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ. ಜೋರಾಗಿ ಹೊಡೆದರೆ ಆ ಪಾಯಿಂಟ್ ಮುಟ್ಟಲೇಬೇಡಿ. ಸ್ಪೈಕ್ ಗಾರ್ಡ್ ಕೂಡ ಅರ್ಥಿಂಗ್ ಇಲ್ಲದಿದ್ದರೆ ಅರ್ಧ ಕೆಲಸವೇ ಮಾಡೋದು.

ವೋಲ್ಟೇಜ್ ಕಡಿಮೆ ಇದ್ದರೆ ಚಿಂತೆ ಬೇಡ. ಈ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೆ ಸಹಿಸುತ್ತವೆ. ಹೆದರಬೇಕಾದ್ದು ಕರೆಂಟು ದಿಢೀರ್ ವಾಪಸ್ ಬರುವ ಆ ಕ್ಷಣಕ್ಕೆ, ಮತ್ತು ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ. ಗುಡುಗು ಕೇಳಿಸಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ.

ತೇವ ಮತ್ತು ದೀಪದ ಹುಳ

ಮಳೆಗಾಲದಲ್ಲಿ ಕೊಡಗಿನ ಮನೆಯ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತೆ, ಲ್ಯಾಪ್‌ಟಾಪ್ ಯಾವ ಲೆಕ್ಕ? ತೆಳ್ಳಗಿನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಶಾಖ ಹೊರಗೆ ಹಾಕೋಕೆ ಫ್ಯಾನುಗಳು ಹೊರಗಿನ ಗಾಳಿಯನ್ನು ಜೋರಾಗಿ ಎಳೆಯುತ್ತವೆ. ಗಾಳಿಯ ಜೊತೆ ತೇವ, ಧೂಳು ಎರಡೂ ಒಳಗೆ. ಎರಡೂ ಸೇರಿದರೆ ಶಾಖ ಹೊರಹೋಗುವ ರೆಕ್ಕೆಗಳ ಮೇಲೆ ಮೆತ್ತಿಕೊಳ್ಳುತ್ತೆ. ಸಂಜೆ ದೀಪದ ಹುಳ ಏಳುವ ಹೊತ್ತಲ್ಲಿ ಜಗುಲಿಯಲ್ಲಿ ಪರದೆ ಹೊತ್ತಿಸಿಕೊಂಡು ಕೂರಬೇಡಿ. ಅವು ಬರೋದು ಬೆಳಕಿಗೆ, ಹೋಗಿ ಸೇರೋದು ಕಿಂಡಿಯೊಳಗೆ.

ತೇವಕ್ಕೆ ಮದ್ದು ವಿಚಿತ್ರವಾಗಿದೆ: ದಿನಾ ಬಳಸಿ. ಓಡುವ ಯಂತ್ರ ತನ್ನ ಬಿಸಿಯಿಂದ ತನ್ನನ್ನೇ ಒಣಗಿಸಿಕೊಳ್ಳುತ್ತೆ. ರಜೆಯಲ್ಲಿ ಬ್ಯಾಗಿನೊಳಗೆ ಹದಿನೈದು ದಿನ ಮುಚ್ಚಿಟ್ಟದ್ದೇ ಹಾಳಾಗೋದು. ಒದ್ದೆ ಬ್ಯಾಗಿನಿಂದ ತಕ್ಷಣ ಹೊರಗೆ ತೆಗೆಯಿರಿ, ಇಡುವ ಜಾಗದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ವರ್ಷಕ್ಕೊಮ್ಮೆ ಒಳಗಿನ ಧೂಳು ತೆಗೆಸಿ.

ಕೆಟ್ಟರೆ ಎಷ್ಟು ದೂರ

ಬೆಲೆಪಟ್ಟಿಯಲ್ಲಿ ಕಾಣದ ಖರ್ಚು ಇದು. ಹುದಿಕೇರಿಯಿಂದ ದೊಡ್ಡ ರಿಪೇರಿಗೆ ಅಂದರೆ ಗೋಣಿಕೊಪ್ಪಲು, ತಿತಿಮತಿ, ಹುಣಸೂರು ದಾಟಿ ಮೈಸೂರು ಸೇರಬೇಕು. ಒಂದು ದಿನ ಕೊಡೋಕೆ, ಇನ್ನೊಂದು ದಿನ ತರೋಕೆ. ಮನೆಗೇ ಬಂದು ಸರಿಮಾಡುವ ವಾರಂಟಿ ಅಂತ ಅಂಗಡಿಯವರು ಹೇಳಿದರೆ, ನಿಮ್ಮ ಊರಿನ ಪಿನ್‌ಕೋಡಿಗೆ ಅದು ಇದೆಯಾ ಅಂತ ಕಂಪನಿಯನ್ನೇ ಕೇಳಿ ಬರಹದಲ್ಲಿ ತಗೊಳ್ಳಿ. ಸಾಮಾನ್ಯ ವಾರಂಟಿಗೆ ನೀರು ಬಿದ್ದದ್ದು ಸೇರಲ್ಲ. ಮಳೆ ಊರಿನವರಿಗೆ ಆಕಸ್ಮಿಕ ಹಾನಿಯ ರಕ್ಷಣೆ ದುಬಾರಿಯಾದರೂ ಯೋಚಿಸುವಂಥದ್ದು.

ಇದಕ್ಕಿಂತ ಮುಖ್ಯ: 2024ರ ಜಿ14ರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು. 16 ಜಿಬಿ ತಗೊಂಡರೆ ನಾಲ್ಕು ವರ್ಷವೂ 16 ಜಿಬಿಯೇ. ಎಸ್‌ಎಸ್‌ಡಿ ಮಾತ್ರ ಬದಲಾಯಿಸಬಹುದು. ಅದೇ ಎಂಬತ್ತು ತೊಂಬತ್ತು ಸಾವಿರದ ಸುಮಾರಿನ ದಪ್ಪ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ, ಲೆನೊವೊ ಎಲ್‌ಒಕ್ಯೂ, ಎಚ್‌ಪಿ ವಿಕ್ಟಸ್ ಥರದವುಗಳಲ್ಲಿ, ಹೆಚ್ಚಿನ ಮಾಡೆಲ್‌ಗಳಿಗೆ ರ‍್ಯಾಮ್ ಆಮೇಲೆ ಹಾಕಿಸಬಹುದು. ಆದರೆ ಅವು 2.3 ಕೆಜಿ ಆಸುಪಾಸು, ಚಾರ್ಜರ್ ಸೇರಿ ಮೂರು. ಬಸ್ಸಿನಲ್ಲಿ ನಿಂತುಕೊಂಡು ಬರುವವರ ಭುಜಕ್ಕೆ ಆ ವ್ಯತ್ಯಾಸ ಗೊತ್ತು.

4060ಆ, 4070ಆ?

ಇಲ್ಲಿ ಹಲವರು ಸುಮ್ಮನೆ ದುಡ್ಡು ಕಳಕೊಳ್ಳುತ್ತಾರೆ. ಲ್ಯಾಪ್‌ಟಾಪಿನ 4060ಕ್ಕೂ 4070ಕ್ಕೂ ಗ್ರಾಫಿಕ್ಸ್ ಮೆಮೊರಿ ಒಂದೇ, 8 ಜಿಬಿ. ಜಿ14ರ ಸಣ್ಣ ದೇಹದಲ್ಲಿ ಎರಡಕ್ಕೂ ಸಿಗೋದು ಹೆಚ್ಚೆಂದರೆ 90 ವ್ಯಾಟ್. ಇದೇ ಹೆಸರಿನ ಕಾರ್ಡಿಗೆ ದಪ್ಪ ಲ್ಯಾಪ್‌ಟಾಪಿನಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತೆ, ಹಾಗಾಗಿ ಹೆಸರು ಒಂದೇ ಆದರೂ ಓಟ ಬೇರೆ. ಮಷೀನ್ ಲರ್ನಿಂಗ್ ಕಲಿಯೋಕೆ ಬೇಕಾದ ಕುಡಾ ಎರಡರಲ್ಲೂ ಇದೆ. ಆದ್ದರಿಂದ ನಮ್ಮ ಮಾತು: 4070ಗೆ ಹಾಕುವ ದುಡ್ಡು 32 ಜಿಬಿ ರ‍್ಯಾಮಿಗೆ ಹೋಗುವ ಹಾಗಿದ್ದರೆ ಅಲ್ಲಿಗೇ ಹಾಕಿ.

ಓದಿನ ವಿಷಯಕ್ಕೆ ಬಂದರೆ, ಆಟೋಕ್ಯಾಡ್, ಮ್ಯಾಟ್‌ಲ್ಯಾಬ್, ಕೋಡಿಂಗ್ ಲ್ಯಾಬ್‌ಗಳಿಗೆ ಈ ಗ್ರಾಫಿಕ್ಸ್ ಕಾರ್ಡ್ ಬೇಕಾಗೇ ಇಲ್ಲ ಅನ್ನಬಹುದು. ಸಾಲಿಡ್‌ವರ್ಕ್ಸ್‌ನಲ್ಲಿ ದೊಡ್ಡ ಅಸೆಂಬ್ಲಿ, ತ್ರೀಡಿ ರೆಂಡರಿಂಗ್, ವಿಡಿಯೋ ಎಡಿಟಿಂಗ್, ಮಾಡೆಲ್ ತರಬೇತಿ, ಇವುಗಳಿಗೆ ಬೇಕು. ಸಾಲಿಡ್‌ವರ್ಕ್ಸ್ ಮ್ಯಾಕ್‌ಗೆ ಬರಲ್ಲ, ಆದ್ದರಿಂದ ಮೆಕ್ಯಾನಿಕಲ್‌ನವರಿಗೆ ಮ್ಯಾಕ್‌ಬುಕ್ ಏರ್ ದಾರಿಯಲ್ಲ. ಬರೀ ಕೋಡಿಂಗ್‌ನವರಿಗೆ ಫ್ಯಾನೇ ಇಲ್ಲದ ಅದು ಮಳೆ ಊರಿಗೆ ಒಳ್ಳೆ ಜೋಡಿ.

ಗೇಮ್ ಆಡುವವರು ಡೌನ್‌ಲೋಡ್ ಲೆಕ್ಕವನ್ನೂ ಹಾಕಿ. 100 ಜಿಬಿಯ ಗೇಮ್, ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾ ಅಂದರೆ 50 ದಿನ. ಕಾಲೇಜಿನ ಊರಲ್ಲೇ ಇಳಿಸಿಕೊಂಡು ಬಸ್ ಹತ್ತಿ.

ಹಾಗಾದರೆ ತಗೊಳ್ಳಬಹುದಾ?

ದಿನಬಳಕೆಗೆ ಜಿ14 ಚೆನ್ನಾಗಿದೆ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಪ್ಲಗ್ ಕಿತ್ತ ಮೇಲೂ ಮನುಷ್ಯರ ಹಾಗೆ ನಡೆದುಕೊಳ್ಳುವ ಕೆಲವೇ ಯಂತ್ರಗಳಲ್ಲಿ ಇದೊಂದು. ಆದರೆ ಪ್ರತಿ ಹದಿನೈದು ದಿನಕ್ಕೆ ಊರಿಗೆ ಓಡಾಡುತ್ತಾ, ಗ್ರಾಫಿಕ್ಸ್ ಕಾರ್ಡನ್ನು ಓದಿಗೂ ನಿಜವಾಗಿ ಬಳಸುವವರಿಗೆ ಮಾತ್ರ ಆ ಬೆಲೆ ಒಪ್ಪುತ್ತೆ. ಹಾಸ್ಟೆಲಿನ ಮೇಜಿನಿಂದ ಏಳದ ಲ್ಯಾಪ್‌ಟಾಪಿಗೆ ತೆಳ್ಳಗಿರೋದರ ದುಡ್ಡು ಯಾಕೆ? ಅವರಿಗೆ ದಪ್ಪನೆಯದ್ದೇ ಸಾಕು. ಗೇಮೂ ಇಲ್ಲ, ರೆಂಡರಿಂಗೂ ಇಲ್ಲ ಅನ್ನುವವರು ಗ್ರಾಫಿಕ್ಸ್ ಕಾರ್ಡೇ ಇಲ್ಲದ ಹಗುರದ್ದು ತಗೊಂಡು ಉಳಿದ ದುಡ್ಡು ಮನೆಗೆ ವಾಪಸ್ ಕೊಡಿ.

ನಮ್ಮ ಹುದಿಕೇರಿ ಜೂನಿಯರ್ ಮೆಕ್ಯಾನಿಕಲ್ ಸೇರಿದವನು. ಸಾಲಿಡ್‌ವರ್ಕ್ಸ್ ಬರೋದು ಮುಂದಿನ ಸೆಮಿಸ್ಟರ್‌ಗಳಲ್ಲಿ. ಅವನಿಗೆ ನಾವು ಹೇಳೋದು ಇಷ್ಟು: ಮೊದಲ ಸೆಮಿಸ್ಟರ್ ಕಾಲೇಜಿನ ಲ್ಯಾಬಿನಲ್ಲಿ ಕಳೆಯಪ್ಪ. ಹೊಸ ಮಾಡೆಲ್ ಬಂದ ಮೇಲೆ ಹಳೆಯದ್ದರ ಬೆಲೆ ಇಳಿಯೋದು ರೂಢಿ. ಅಷ್ಟರೊಳಗೆ ರಜೆಯಲ್ಲಿ ಮನೆಗೆ ಹೋಗಿ ಅರ್ಥಿಂಗ್ ಸರಿ ಮಾಡಿಸು. ಯಾವ ಲ್ಯಾಪ್‌ಟಾಪ್ ತಗೊಂಡರೂ ಆ ಖರ್ಚು ದಂಡ ಆಗಲ್ಲ.