ಮಾರ್ಕ್ಸ್ ಕಾರ್ಡ್ ಇದೆ, ಮಾತು ಎಲ್ಲಿ ಹೋಯಿತು?

ಬಿ.ಕಾಂ. ಮುಗಿಸಿದ ಹುಡುಗ ಮಂಗಳೂರಿನ ಆಫೀಸೊಂದರಲ್ಲಿ ಇಂಟರ್‌ವ್ಯೂಗೆ ಕೂತಿದ್ದಾನೆ ಎಂದಿಟ್ಟುಕೊಳ್ಳಿ. ಅಂಕ ಚೆನ್ನಾಗಿದೆ, ಟ್ಯಾಲಿ ಸರ್ಟಿಫಿಕೇಟೂ ಇದೆ. "ನಿಮ್ಮ ಬಗ್ಗೆ ಹೇಳಿ" ಅಂದ ಕೂಡಲೇ ಹೆಸರು, ತಂದೆಯ ಹೆಸರು, ಊರು ಹೇಳಿ ಸುಮ್ಮನಾಗುತ್ತಾನೆ. ಅದೆಲ್ಲ ಅರ್ಜಿಯಲ್ಲೇ ಇದೆಯಲ್ಲ! ರಜೆಯಲ್ಲಿ ಮಾವನ ಅಂಗಡಿಯಲ್ಲಿ ಬಿಲ್ ಬರೆದದ್ದು, ಸ್ಟಾಕ್ ನೋಡಿದ್ದು, ಜಿಎಸ್‌ಟಿ ಲೆಕ್ಕ ಸರಿಮಾಡಿ ಕೊಟ್ಟದ್ದು ಯಾವುದನ್ನೂ ಹೇಳುವುದಿಲ್ಲ. ಅದು ಮನೆಯ ಕೆಲಸ, ಹೇಳಿಕೊಳ್ಳುವಂಥದ್ದಲ್ಲ ಎಂಬ ಭಾವನೆ ಅವನದು. ಕೆಲಸ ಕೊಡುವವರಿಗೆ ಬೇಕಾದದ್ದು ಅದೇ.

ನಮ್ಮ ಮಕ್ಕಳಿಗೆ ಭಾಷೆಯ ಬಡತನ ಇಲ್ಲ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳಂ, ಉಪ್ಪಳ ಪೇಟೆಗೆ ಹೋದರೆ ಉರ್ದುವೂ ಕಿವಿಗೆ ಬೀಳುತ್ತದೆ. ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆಂದೇ ಕೇರಳ ಪಿಎಸ್‌ಸಿ ಕಾಸರಗೋಡು ಜಿಲ್ಲೆಯಲ್ಲಿ ಕ್ಲಾರ್ಕ್ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆದದ್ದುಂಟು. ಗಲ್ಫ್‌ನ ಅಂಗಡಿ, ಗೋದಾಮುಗಳಲ್ಲೂ ಮಲಯಾಳಂ, ಹಿಂದಿ ಬಲ್ಲವನಿಗೆ ದಾರಿ ಸುಲಭ. ಆದರೆ ಇಂಗ್ಲಿಷ್ ಎದುರಾದರೆ ಐದು ಭಾಷೆ ಬಲ್ಲ ಬಾಯಿಯೂ ಕಟ್ಟಿಹೋಗುತ್ತದೆ. ವ್ಯಾಕರಣ ತಪ್ಪಿದರೆ ಯಾರೂ ಕೆಲಸ ಕಸಿಯುವುದಿಲ್ಲ. ಬಾಯಿಯೇ ಬಿಡದವನನ್ನು ಅಳೆಯುವುದು ಹೇಗೆ?

ಕೆಲಸ ಸಿಕ್ಕಿದ ಮೇಲಿನ ಪರೀಕ್ಷೆ ಬೇರೆ. ಲೆಕ್ಕಪತ್ರದ ಕೆಲಸವೆಂದರೆ ಕಂಪ್ಯೂಟರ್ ಮುಂದೆ ಕೂರುವುದು ಮಾತ್ರ ಅಂತ ಹಲವರು ತಿಳಿದಿರುತ್ತಾರೆ. ಬಾಕಿ ವಸೂಲಿಯೂ ಅವನ ತಲೆಗೇ ಬರುತ್ತದೆ. ಗಿರಾಕಿಗೆ ಫೋನ್ ಮಾಡಿ "ದುಡ್ಡು ಯಾವಾಗ ಕೊಡ್ತೀರಿ?" ಅಂದರೆ ಅಲ್ಲಿಗೆ ವ್ಯಾಪಾರ ಮುಗಿಯಿತು. ಸಲಾಂ ಹೇಳಿ, ವ್ಯಾಪಾರ ಹೇಗಿದೆ ಕೇಳಿ, "ಕಾಕಾ, ಹೋದ ತಿಂಗಳ ಬಿಲ್ಲಿನದು ಹನ್ನೆರಡು ಸಾವಿರ ಉಳಿದಿದೆ, ಯಾವ ದಿನ ಬರಲಿ?" ಅನ್ನಬೇಕು. ಮೊತ್ತ ಸ್ಪಷ್ಟ, ಕೇಳುವುದು ತಾರೀಕು. ಅವರು ಹೇಳಿದ ದಿನ ಬರೆದಿಟ್ಟು ಅದೇ ದಿನ ಹೋಗಬೇಕು. ನಾಲ್ಕು ಜನರೆದುರು ಎಂದೂ ಕೇಳಬಾರದು. ಹೀಗೆ ವಸೂಲಿ ಮಾಡಿಯೂ ಗಿರಾಕಿಯನ್ನು ಉಳಿಸಿಕೊಳ್ಳುವ ಹುಡುಗನನ್ನು ಯಾವ ಧಣಿಯೂ ಸುಲಭಕ್ಕೆ ಬಿಡುವುದಿಲ್ಲ.

ತಪ್ಪನ್ನು ಮುಚ್ಚಿಡುವುದು ಇನ್ನೊಂದು ರೋಗ. ಬಿಲ್ಲಿನಲ್ಲಿ ತಪ್ಪಾದರೆ ಅದೇ ದಿನ ಹೇಳಿದವನಿಗೆ ಸಿಗುವುದು ಬೈಗುಳ, ತಿಂಗಳ ಮೇಲೆ ಸಿಕ್ಕಿಬಿದ್ದವನ ಮೇಲೆ ಸಂಶಯ. ರಜೆ ಹಾಕುವಾಗ ಬೆಳಿಗ್ಗೆ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ವಾಯ್ಸ್ ಬಿಟ್ಟು ಫೋನ್ ಸ್ವಿಚ್ ಆಫ್ ಮಾಡುವವರ ಬಗ್ಗೆ ಹೇಳದಿರುವುದೇ ಒಳ್ಳೆಯದು.

ಮಾತಿಗೆ ಅಂಜುವುದು ನಾಚಿಕೆಯ ವಿಷಯವೇನಲ್ಲ. ಫಿರ್‌ಔನನ ಬಳಿ ಹೋಗಬೇಕಾದಾಗ ಮೂಸಾ ಪ್ರವಾದಿ (ಅ) ತಮ್ಮ ನಾಲಗೆಯ ಗಂಟು ಬಿಡಿಸುವಂತೆ ಅಲ್ಲಾಹನಲ್ಲಿ ಬೇಡಿದ್ದು, ಜೊತೆಗೆ ಸಹೋದರ ಹಾರೂನ್‌ (ಅ) ಅವರನ್ನು ಕೇಳಿದ್ದು ಸೂರಃ ತ್ವಾಹಾದಲ್ಲಿದೆ. ಅಂಥ ದೊರೆಯೊಂದಿಗೂ ಮೃದುವಾಗಿ ಮಾತಾಡಲು ಆಜ್ಞೆಯಾಗಿದ್ದೂ ಅಲ್ಲೇ ಇದೆ.

ಗಂಟು ಬಿಡಿಸಲು ದುಬಾರಿ ಕೋರ್ಸ್ ಬೇಕಿಲ್ಲ. ಮಾಡಿದ ಕೆಲಸದ ಬಗ್ಗೆ ಎರಡು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಎಲ್ಲಿ ತಡವರಿಸುತ್ತೇವೆ ಎಂದು ಗೊತ್ತಾಗುತ್ತದೆ. ಜಮಾಅತ್‌ನ ಯುವಕರ ತಂಡಗಳು ಊರಿಗೆ ರಜೆಯಲ್ಲಿ ಬಂದ ಅನುಭವಿಗಳನ್ನು ಕೂರಿಸಿ, ಭಾನುವಾರ ಸಂಜೆ ಹುಡುಗ ಹುಡುಗಿಯರಿಗೆ ಸುಳ್ಳು ಇಂಟರ್‌ವ್ಯೂ ನಡೆಸಬಹುದು. ಖರ್ಚು ಚಹಾದ್ದು ಮಾತ್ರ.