ದಾರಿ ತೋರಿಸುವುದು ಉಪಗ್ರಹವಲ್ಲ, ಲೆಕ್ಕ

ಆಟೊ ಕರೆಯುವುದಿರಲಿ, ಊಟ ತರಿಸುವುದಿರಲಿ, ಅಪರಾತ್ರಿಯಲ್ಲಿ ಆಸ್ಪತ್ರೆ ಹುಡುಕುವುದಿರಲಿ, ಇಂದು ನಾವು ದಾರಿ ಕೇಳುವುದು ಮೊಬೈಲನ್ನೇ. ಅಷ್ಟೊಂದು ನಂಬಿರುವ ಈ ನಕ್ಷೆ ದಾರಿಯನ್ನು ಹೇಗೆ ಕಂಡುಹಿಡಿಯುತ್ತದೆ ಎಂಬ ಬಗ್ಗೆ ಮಾತ್ರ ಹಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ 1: ಉಪಗ್ರಹ ಮೇಲಿನಿಂದ ನಮ್ಮನ್ನು ನೋಡಿ ದಾರಿ ಹೇಳುತ್ತದೆ.

ಸತ್ಯ: ನೀವು ಎಲ್ಲಿದ್ದೀರಿ ಎಂಬುದು ಜಿಪಿಎಸ್ ಉಪಗ್ರಹಕ್ಕೆ ಗೊತ್ತೇ ಇಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಅದು ತನ್ನ ಸಮಯವನ್ನೂ ಸ್ಥಾನವನ್ನೂ ಸಾರುತ್ತಿರುತ್ತದೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ಮೊಬೈಲೇ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ದಾರಿಯ ಹುಡುಕಾಟ ನಡೆಯುವುದು ರಸ್ತೆಜಾಲದ ಮೇಲೆ. ಅಲ್ಲಿ ರಸ್ತೆಗಳು ಕೂಡುವ ಜಾಗಗಳೆಲ್ಲ ಬಿಂದುಗಳು, ನಡುವಿನ ರಸ್ತೆಗಳು ಗೆರೆಗಳು. ಪ್ರತಿ ಗೆರೆಗೂ ದೂರದ ಅಥವಾ ಸಮಯದ ಒಂದು ಅಂಕಿ ಇರುತ್ತದೆ.

ತಪ್ಪು ಕಲ್ಪನೆ 2: ಕಂಪ್ಯೂಟರ್ ಎಲ್ಲ ದಾರಿಗಳನ್ನೂ ಅಳೆದು ಒಂದನ್ನು ಆರಿಸುತ್ತದೆ.

ಸತ್ಯ: ಅದು ಆಗದ ಮಾತು. ಉದ್ದಕ್ಕೆ 20, ಅಗಲಕ್ಕೆ 20 ಚೌಕಗಳಿರುವ ಬಡಾವಣೆಯಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗಲು, ಒಮ್ಮೆಯೂ ಹಿಂದಕ್ಕೆ ತಿರುಗದ ದಾರಿಗಳೇ 13,784 ಕೋಟಿಗೂ ಹೆಚ್ಚು. ಈ ಗಂಟನ್ನು ಬಿಡಿಸಿದವರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಕೂತು, ಕಾಗದ ಪೆನ್ನಿಲ್ಲದೆ, ಸುಮಾರು 20 ನಿಮಿಷದಲ್ಲಿ ಅವರಿಗೆ ಉಪಾಯ ಹೊಳೆಯಿತು. ಹೊರಟಲ್ಲಿಂದ ಅತಿ ಹತ್ತಿರದ ಬಿಂದುವನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು, ಅಲ್ಲಿಂದ ಮುಂದಿನದನ್ನು ಅಳೆಯುವುದು. ಒಮ್ಮೆ ಗಟ್ಟಿಯಾದದ್ದನ್ನು ಮತ್ತೆ ಅಳೆಯಬೇಕಿಲ್ಲ. 2008ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ಸಣ್ಣಪುಟ್ಟ ಕೂಡುರಸ್ತೆಗಳನ್ನು ಮೊದಲೇ ಮಡಚಿ, ಅವನ್ನು ಬಿಟ್ಟು ನೇರವಾಗಿ ಸಾಗುವ ಅಡ್ಡಗೆರೆಗಳನ್ನು ಎಳೆದಿಡುವ ವಿಧಾನ ಕೊಟ್ಟರು. ಆಮೇಲೆ ಇಡೀ ದೇಶದ ರಸ್ತೆಜಾಲದಲ್ಲೂ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುವಂತಾಯಿತು.

ತಪ್ಪು ಕಲ್ಪನೆ 3: ನಕ್ಷೆಯಲ್ಲಿ ಪಕ್ಕದಲ್ಲಿ ಕಂಡದ್ದೇ ಹತ್ತಿರದ್ದು.

ಸತ್ಯ: ಶರಾವತಿ ಹಿನ್ನೀರಿನ ಅಂಬಾರಗೋಡ್ಲು ದಡಕ್ಕೆ ಎದುರು ದಡ ಕಳಸವಳ್ಳಿ. ಅದರಾಚೆ ಸಿಗಂದೂರು, ತುಮರಿ. 2025ರ ಜುಲೈವರೆಗೆ ಆ ನೀರು ದಾಟಲು ಲಾಂಚ್ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದವರಾಗಲಿ ಹಾವು ಕಚ್ಚಿದವರಾಗಲಿ ಹಿನ್ನೀರನ್ನು ಸುತ್ತಿ ಬಳಸಿಯೇ ಸಾಗರ ಪಟ್ಟಣದ ಆಸ್ಪತ್ರೆ ಸೇರಬೇಕಿತ್ತು. ಈಗ 2.44 ಕಿ.ಮೀ. ಸೇತುವೆ ಬಂದಿದೆ. ದಡಗಳ ನಡುವಿನ ಅಂತರ ಮೊದಲಿದ್ದಷ್ಟೇ ಇದೆ. ರಸ್ತೆಜಾಲಕ್ಕೆ ಒಂದೇ ಒಂದು ಗೆರೆ ಸೇರಿದ್ದಕ್ಕೆ ಆಸ್ಪತ್ರೆ ಹತ್ತಿರವಾಯಿತು.

ಹಾಗೆಂದು ನೇರ ಅಂತರ ಕೆಲಸಕ್ಕೆ ಬಾರದ್ದೇನಲ್ಲ. ರಸ್ತೆಯ ದೂರ ಎಂದೂ ನೇರ ಗೆರೆಗಿಂತ ಕಡಿಮೆಯಾಗದು. ಹತ್ತಿರದ ಆಸ್ಪತ್ರೆ ಹುಡುಕುವಾಗ ರಸ್ತೆಯಲ್ಲಿ 3 ಕಿ.ಮೀ. ದೂರದ ಒಂದು ಆಸ್ಪತ್ರೆ ಸಿಕ್ಕಿತೆನ್ನಿ. ನೇರ ಗೆರೆಯಲ್ಲೇ 3 ಕಿ.ಮೀ. ದಾಟಿದ ಆಸ್ಪತ್ರೆಗಳನ್ನೆಲ್ಲ ಕಂಪ್ಯೂಟರ್ ಅಳೆಯದೆ ಕೈಬಿಡುತ್ತದೆ. ಲಕ್ಷಾಂತರ ಜನ ಒಟ್ಟಿಗೆ ಕೇಳಿದರೂ ಥಟ್ಟನೆ ಉತ್ತರಿಸಲು ಇಂಥ ಜರಡಿಗಳು ಬೇಕು.

ತಪ್ಪು ಕಲ್ಪನೆ 4: ಹೋದಷ್ಟೇ ದೂರ ಬರುವುದಕ್ಕೂ.

ಸತ್ಯ: ಏಕಮುಖ ಸಂಚಾರ, ಯು-ಟರ್ನ್ ನಿಷೇಧ, ಬೆಳಗಿನ ದಟ್ಟಣೆ ಇವೆಲ್ಲ ಸೇರಿ ಎರಡು ದಿಕ್ಕಿಗೆ ಎರಡು ಲೆಕ್ಕವಾಗುತ್ತದೆ. ಎದುರು ಬದಿಯಲ್ಲೇ ಕಾಣುವ ಆಟೊ ಹತ್ತು ನಿಮಿಷ ತೋರಿಸುವುದು ಇದಕ್ಕೇ.

ತಪ್ಪು ಕಲ್ಪನೆ 5: ಆ್ಯಪ್ ಹೇಳಿದ ದಾರಿ ತಪ್ಪಾಗದು.

ಸತ್ಯ: ಲೆಕ್ಕ ಸರಿಯಿದ್ದರೂ ನಕ್ಷೆ ಹಳತಾಗಿದ್ದರೆ ಉತ್ತರ ತಪ್ಪೇ. ಕುಸಿದ ಮೋರಿ, ಮಳೆಗೆ ಮುಳುಗಿದ ಕಿರುಸೇತುವೆ ಯಾರಾದರೂ ತಿಳಿಸುವವರೆಗೂ ನಕ್ಷೆಯಲ್ಲಿ ರಸ್ತೆಯಾಗಿಯೇ ಉಳಿಯುತ್ತವೆ. ಮಳೆಗಾಲದಲ್ಲಿ ಮಲೆನಾಡಿನ ಒಳದಾರಿ ಹಿಡಿಯುವ ಮುನ್ನ ಊರಿನವರನ್ನು ಒಂದು ಮಾತು ಕೇಳಿ. ನಿಮ್ಮೂರಿನ ಹೊಸ ರಸ್ತೆ, ಮುಚ್ಚಿದ ದಾರಿ ಕಂಡರೆ ದಾಖಲಿಸಿ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ನಾಳೆ ನಿಮ್ಮ ಬೀದಿಗೆ ಬರುವ ಆಂಬ್ಯುಲೆನ್ಸ್ ನಕ್ಷೆ ನೋಡಿಕೊಂಡೇ ಬರುತ್ತದೆ.