ಒಂದು ಫ್ರಾಕಿಗೆ ಕರಿನೀರಿನ ಶಿಕ್ಷೆ



"ಕರಿನೀರಿನ ಶಿಕ್ಷೆ" ಅಂತ ಹಿರಿಯರು ಹೇಳೋದನ್ನು ನಾವು ಕೇಳಿದ್ದೇವೆ. ಹಾಗಂದರೆ ಏನು? ಕೈದಿಯನ್ನು ಸಮುದ್ರ ದಾಟಿಸಿ, ದೂರದ ನಾಡಿಗೆ ಕಳಿಸಿಬಿಡುವ ಶಿಕ್ಷೆ. ಬ್ರಿಟಿಷರು 1858ರಿಂದ ನಮ್ಮ ದೇಶದ ಕೈದಿಗಳನ್ನು ಅಂಡಮಾನ್ ದ್ವೀಪಕ್ಕೆ ಸಾಗಿಸಿದರು. ಅದಕ್ಕೂ ಮೊದಲೇ ತಮ್ಮ ದೇಶದ ಬಡವರನ್ನೂ ಹೀಗೇ ಸಾಗಿಸುತ್ತಿದ್ದರು. 1788ರಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು.

ಅವರಲ್ಲಿ ಒಬ್ಬಳು ಮೇರಿ ವೇಡ್. ಲಂಡನ್ ಪಟ್ಟಣದ ಬಡ ಹುಡುಗಿ. ಬೀದಿ ಗುಡಿಸುತ್ತಿದ್ದಳು, ಭಿಕ್ಷೆ ಬೇಡುತ್ತಿದ್ದಳು. 1788ರಲ್ಲಿ ಅವಳಿಗೆ ಸುಮಾರು 11 ವರ್ಷ. ನೀರು ತುಂಬಲು ಬಂದ 8 ವರ್ಷದ ಹುಡುಗಿಯ ಬಟ್ಟೆಯನ್ನು ಮೇರಿ ಮತ್ತು ಅವಳ ಗೆಳತಿ ಕಿತ್ತುಕೊಂಡರು. ಒಂದು ಫ್ರಾಕು, ಒಂದು ಟೋಪಿ, ಒಂದು ಹೆಗಲವಸ್ತ್ರ. ಅಷ್ಟೇ. ಫ್ರಾಕನ್ನು ಗಿರವಿ ಅಂಗಡಿಗೆ ಕೊಟ್ಟರು. ಸಿಕ್ಕಿಬಿದ್ದರು.

ತಪ್ಪು ತಪ್ಪೇ. ಆದರೆ ಶಿಕ್ಷೆ ಏನು ಗೊತ್ತೇ? 1789ರ ಜನವರಿಯಲ್ಲಿ ನ್ಯಾಯಾಲಯ ಆ ಮಕ್ಕಳಿಗೆ ಗಲ್ಲು ವಿಧಿಸಿತು! ಆಗ ರಾಜನಿಗೆ ಕಾಯಿಲೆ. ಮಾರ್ಚಿಯಲ್ಲಿ ಗುಣವಾಯಿತು. ಆ ಸಂತೋಷಕ್ಕೆ ಮೇರಿಯ ಗಲ್ಲು ತಪ್ಪಿ ಕರಿನೀರಾಯಿತು. ಅದೇ ವರ್ಷ ಇನ್ನೂರಕ್ಕೂ ಹೆಚ್ಚು ಹೆಂಗಸರ ಜೊತೆ ಅವಳನ್ನು ಹಡಗು ಹತ್ತಿಸಿದರು. ಹತ್ತು ತಿಂಗಳು ನೀರಿನ ಮೇಲೆ. 1790ರ ಜೂನ್ 3ರಂದು ಆಸ್ಟ್ರೇಲಿಯಾ ಮುಟ್ಟಿದರು.

ಮೇರಿ ಅಲ್ಲೇ ಬೆಳೆದಳು, ಸಂಸಾರ ಹೂಡಿದಳು. 21 ಮಕ್ಕಳನ್ನು ಹೆತ್ತಳು. 1859ರಲ್ಲಿ ತೀರಿಕೊಂಡಾಗ ಅವಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ 300ಕ್ಕೂ ಹೆಚ್ಚು ಜನ. 2007ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯಾದ ಕೆವಿನ್ ರಡ್ ಅವಳ ವಂಶದವರೇ! ಅಂದು ಗಲ್ಲಿಗೆ ಹಾಕಿದ್ದರೆ ಈ ವಂಶವೇ ಇರುತ್ತಿರಲಿಲ್ಲ.

ಈಗ ನಮ್ಮ ಕಾನೂನು ಏನು ಹೇಳುತ್ತದೆ? 1955ರ ಕಾಯಿದೆಯಿಂದ ಕರಿನೀರಿನ ಶಿಕ್ಷೆ ಹೋಯಿತು. 2015ರ ಬಾಲನ್ಯಾಯ ಕಾಯಿದೆ ಪ್ರಕಾರ 18 ವರ್ಷ ತುಂಬದ ಮಗುವಿಗೆ ಗಲ್ಲು ಇಲ್ಲ. ಅದನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಮಕ್ಕಳಿಗೂ ಹೆಂಗಸರಿಗೂ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಚಿತ್ರದುರ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಫೋನ್ ನಂಬರ್ 15100. ಈ ನಂಬರನ್ನು ನಿಮ್ಮ ಕೈಯಾರೆ ಬರೆದು ಗೋಡೆಗೆ ಅಂಟಿಸಿ. ಓದಲು ಬಾರದ ಪಕ್ಕದ ಮನೆಯವರಿಗೂ ಓದಿ ಹೇಳಿ.